ಕ್ಷಮೆಯೂ ರಕ್ತದ ಬೆಲೆಯೂ

ಅನ್ಯಾಯವನ್ನು ಅನುಭವಿಸಿದವರ ಹೊರತು ಮತ್ತಾರಿಗೂ ಅದನ್ನು ಕ್ಷಮಿಸುವ ಅಧಿಕಾರವಿಲ್ಲವೆಂಬುದು ಧರ್ಮಜ್ಞರೂ ತತ್ತ್ವಜ್ಞರೂ ಬಹುಮಟ್ಟಿಗೆ ಒಪ್ಪುವ ಮಾತು. ಆದರೆ ಕೊಲೆಯಾದೆಡೆಯಲ್ಲಿ ಅನುಭವಿಸಿದವನೇ ಇಲ್ಲವಾಗಿರುತ್ತಾನೆ. ಆಗ ಆ ಅಧಿಕಾರ ಸಲ್ಲತಕ್ಕದ್ದು ಯಾರಿಗೆ? ಹೆತ್ತವರಿಗೋ, ರಾಜ್ಯಕ್ಕೋ, ಅಥವಾ ಕೇವಲ ಪರಮೇಶ್ವರನಿಗೋ? ಹೆತ್ತವರಿಗೇ ಸಲ್ಲುವುದೆಂದು ಇಟ್ಟುಕೊಂಡರೂ, ಬಡತನದ ಒತ್ತಡದಲ್ಲಿಯೋ, ನೆರೆಹೊರೆಯವರ ಒತ್ತಾಯದಲ್ಲಿಯೋ, ಅಧಿಕಾರಿಗಳ ಭಯದಲ್ಲಿಯೋ ಬಾಯಿಂದ ಹೊರಟ ‘ಕ್ಷಮಿಸಿದೆ’ ಎಂಬ ಮಾತು ನಿಜವಾಗಿ ಕ್ಷಮೆಯೆನಿಸೀತೆ? ಈ ಪ್ರಶ್ನೆಗಳನ್ನು ಗ್ರಂಥಗಳಲ್ಲಿ ಚರ್ಚಿಸಿದವರು ಅನೇಕರುಂಟು. ಆದರೆ ನಮ್ಮ ಕಾಲದಲ್ಲಿ ಇವನ್ನು ಇರಾನಿನ ಚಲನಚಿತ್ರಕಾರರಷ್ಟು ಶ್ರದ್ಧೆಯಿಂದ, ಮನೆಯ ಅಡುಗೆಕೋಣೆಯವರೆಗೂ ನ್ಯಾಯಾಲಯದ ಇಕ್ಕಟ್ಟಾದ ಕೊಠಡಿಯವರೆಗೂ ಬೆಂಬತ್ತಿ ಹೋಗಿ ವಿಚಾರಿಸಿದವರು ಅಪರೂಪವೆಂದು ನನ್ನ ಅಭಿಪ್ರಾಯ. ಬೆಂಗಳೂರಿನ ಚಿತ್ರೋತ್ಸವಗಳಲ್ಲಿ ಇರಾನಿನ ಚಿತ್ರಗಳನ್ನು ಆಸ್ಥೆಯಿಂದ ನೋಡುವ ನಮ್ಮ ಪ್ರೇಕ್ಷಕರು ಅವುಗಳ ಸರಳತೆಯನ್ನೂ ಬಾಲನಟರ ಸಹಜಾಭಿನಯವನ್ನೂ ಮೆಚ್ಚಿ ಮಾತನಾಡುತ್ತಾರೆ. ಅವುಗಳ ಧರ್ಮಜಿಜ್ಞಾಸೆಯನ್ನು ಕುರಿತ ಮಾತು ಕಡಮೆ.

ಈ ಜಿಜ್ಞಾಸೆಗೆ ಆ ದೇಶದ ಕಾನೂನಿನಲ್ಲಿಯೇ ಬೇರುಂಟು. 1979ರ ಕ್ರಾಂತಿಯ ತರುವಾಯ ಇರಾನಿನ ದಂಡಸಂಹಿತೆ ಷರೀಯತ್ತಿನ ತಳಹದಿಯ ಮೇಲೆ ಪುನಾರಚಿತವಾಯಿತು. ಅದರಂತೆ ಉದ್ದೇಶಪೂರ್ವಕವಾದ ಕೊಲೆಗೆ ಶಿಕ್ಷೆ ಕಿಸಾಸ್, ಅಂದರೆ ಪ್ರಾಣಕ್ಕೆ ಪ್ರಾಣ. ಆದರೆ ಆ ಪ್ರಾಣವನ್ನು ಕೇಳುವ ಹಕ್ಕು ರಾಜ್ಯದ್ದಲ್ಲ. ಹತನಾದವನ ವಾರಸುದಾರರದು, ‘ರಕ್ತದ ಒಡೆಯರು’ ಎನಿಸಿಕೊಳ್ಳುವ ತಂದೆತಾಯಿ ಮಕ್ಕಳದು. ಅವರು ಬಯಸಿದರೆ ಗಲ್ಲಿಗೆ ಒಪ್ಪಬಹುದು, ಬಯಸಿದರೆ ದಿಯೆ ಎಂಬ ರಕ್ತಧನವನ್ನು ಪಡೆದು ಬಿಡಬಹುದು, ಅಥವಾ ಏನನ್ನೂ ಪಡೆಯದೆ ಬಿಟ್ಟುಕೊಡಬಹುದು. ಕುರಾನಿನ ಅಲ್-ಬಕರ ಅಧ್ಯಾಯವು ಕಿಸಾಸನ್ನು ವಿಧಿಸಿದೆಡೆಯಲ್ಲಿಯೇ ಪರಿಹಾರವನ್ನು ಪಡೆದು ಬಿಡುವ ದಾರಿಯನ್ನೂ ತೆರೆದಿಟ್ಟು, ಅದನ್ನು ದೇವರು ತೋರಿದ ಕರುಣೆಯೆಂದು ಕರೆಯುತ್ತದೆ. ಅಲ್-ಮಾಯಿದಾ ಅಧ್ಯಾಯವು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ದಾನವೆಂದು ಬಿಟ್ಟುಕೊಟ್ಟವನಿಗೆ ಆ ತ್ಯಾಗವೇ ಪಾಪಪರಿಹಾರವಾಗುವುದೆಂದು ಬೋಧಿಸುತ್ತದೆ. ನಮ್ಮ ದೇಶದ ನ್ಯಾಯಪದ್ಧತಿಯಲ್ಲಿ ಕೊಲೆ ರಾಜ್ಯದ ವಿರುದ್ಧ ನಡೆದ ಅಪರಾಧ. ಸತ್ತವನ ತಾಯಿ ಬಂದು ಬಿಟ್ಟುಬಿಡಿರೆಂದು ಅತ್ತರೂ ಮೊಕದ್ದಮೆ ನಿಲ್ಲದು. ಇರಾನಿನ ಪದ್ಧತಿಯನ್ನು ಕೇವಲ ಕ್ರೂರವೆಂದು ತಳ್ಳಿಹಾಕುವವರು ಈ ಭೇದವನ್ನು ಗಮನಿಸಬೇಕು. ನೊಂದವರ ದನಿಗೆ ಅಷ್ಟೊಂದು ತೂಕವನ್ನು ಕೊಡುವ ನ್ಯಾಯದಲ್ಲಿ ಗಂಭೀರವಾದ ಒಂದು ಮಾನವೀಯ ತತ್ತ್ವ ಅಡಗಿದೆ.

ಆ ತತ್ತ್ವ ಕಣ್ಣೆದುರಿಗೆ ಸಾಕಾರವಾದ ಘಟನೆಯೊಂದು 2014ರ ಏಪ್ರಿಲ್ ತಿಂಗಳಿನಲ್ಲಿ ಮಾಜಂದರಾನ್ ಪ್ರಾಂತದ ನೂರ್ ಎಂಬ ಪಟ್ಟಣದಲ್ಲಿ ನಡೆಯಿತು. ಬೀದಿಯ ಜಗಳವೊಂದರಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ತರುಣನೊಬ್ಬನ ತಾಯಿ, ಕುತ್ತಿಗೆಗೆ ನೇಣಿನ ಹಗ್ಗವನ್ನು ಹಾಕಿಸಿಕೊಂಡು ಕಣ್ಣುಕಟ್ಟಿಸಿಕೊಂಡು ನಿಂತಿದ್ದ ಅಪರಾಧಿಯ ಕೆನ್ನೆಗೆ ಒಂದು ಪೆಟ್ಟು ಕೊಟ್ಟು, ಬಳಿಕ ತನ್ನ ಪತಿಯೊಡನೆ ಸೇರಿ ಆ ಹಗ್ಗವನ್ನು ತಾನೇ ತೆಗೆದಳು. ಆ ಪೆಟ್ಟನ್ನು ನಾನು ಅಲ್ಪವೆಂದು ಎಣಿಸಲಾರೆ. ಅದು ಸೇಡಲ್ಲ, ಸೇಡಿನ ಅವಶೇಷವೂ ಅಲ್ಲ. ನಡೆದದ್ದು ನಡೆದೇ ಇದೆ, ಅದನ್ನು ನಾನು ಮರೆತಿಲ್ಲ ಎಂಬ ಸಾಕ್ಷ್ಯ. ಮರೆತವನಿಗೆ ಕ್ಷಮಿಸುವುದಕ್ಕೆ ಏನು ತಾನೆ ಉಳಿದಿರುತ್ತದೆ?

ಎಲ್ಲ ಹೆತ್ತವರಿಗೂ ಇಂತಹ ಸ್ವಾತಂತ್ರ್ಯ ದೊರೆಯುವುದಿಲ್ಲವೆಂಬುದೇ ಅಸ್ಘರ್ ಫರ್ಹಾದಿಯವರ 2004ರ ‘ಶಹ್ರ್-ಎ ಜೀಬಾ’ ಚಿತ್ರದ ವಸ್ತು. ಹದಿನಾರರ ವಯಸ್ಸಿನಲ್ಲಿ ತಾನು ಪ್ರೀತಿಸಿದ ಹುಡುಗಿಯನ್ನೇ ಕೊಂದ ಅಕ್ಬರ್ ಎಂಬ ಬಾಲಕ ಸುಧಾರಣಾಲಯದಲ್ಲಿದ್ದಾನೆ. ಅವನಿಗೆ ಹದಿನೆಂಟು ತುಂಬುವ ದಿನ ಗೆಳೆಯರೆಲ್ಲ ಸೇರಿ ಹುಟ್ಟುಹಬ್ಬವನ್ನು ಆಚರಿಸಲು ಹೊರಟರೆ ಅವನು ಕುಸಿದುಹೋಗುತ್ತಾನೆ; ಏಕೆಂದರೆ ಹದಿನೆಂಟೆಂದರೆ ಗಲ್ಲಿಗೆ ಅರ್ಹನಾದನೆಂದು ಅರ್ಥ. ಆಲಾ ಎಂಬ ಮಿತ್ರನೂ ಅಕ್ಬರನ ಅಕ್ಕ ಫಿರೂಜೆಯೂ ಸತ್ತ ಹುಡುಗಿಯ ತಂದೆಯಾದ ಅಬುಲ್ ಕಾಸಿಮನ ಮನೆಯ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಅಂಗಲಾಚುತ್ತಾರೆ. ಇಲ್ಲಿಯವರೆಗೆ ಕಥೆ ಸುಗಮ. ಆದರೆ ಫರ್ಹಾದಿ ಮುಂದೆ ತೆರೆದಿಡುವ ಲೆಕ್ಕಾಚಾರ ಎದೆ ನಡುಗಿಸುವಂಥದು. ಆ ಕಾನೂನಿನಲ್ಲಿ ಹೆಣ್ಣಿನ ದಿಯೆ ಗಂಡಿನ ದಿಯೆಯ ಅರ್ಧ. ಆದಕಾರಣ ಹೆಣ್ಣನ್ನು ಕೊಂದ ಗಂಡಿನ ಪ್ರಾಣವನ್ನು ಕೇಳುವ ತಂದೆ, ಉಳಿದರ್ಧದ ಮೌಲ್ಯವನ್ನು ಕೊಲೆಗಾರನ ಕಡೆಗೆ ತಾನೇ ತೆರಬೇಕು. ಮಗಳನ್ನು ಕಳೆದುಕೊಂಡ ಮುದುಕ, ನ್ಯಾಯವನ್ನು ಪಡೆಯುವುದಕ್ಕಾಗಿ, ತಾನಿರುವ ಮನೆಯನ್ನೇ ಮಾರಲು ಯೋಚಿಸುತ್ತಾನೆ. ಅದೇ ಮನೆಯಲ್ಲಿ ಅವನ ಎರಡನೆಯ ಹೆಂಡತಿ, ತನ್ನ ಅಂಗವಿಕಲೆಯಾದ ಮಗಳ ಶಸ್ತ್ರಚಿಕಿತ್ಸೆಗೆ ಹಣವಿಲ್ಲದೆ, ಗಂಡ ಕ್ಷಮಿಸಿ ದಿಯೆಯನ್ನು ಪಡೆದರೆ ಆ ಚಿಕಿತ್ಸೆ ನಡೆದೀತೆಂದು ಹಂಬಲಿಸುತ್ತಾಳೆ. ಸತ್ತ ಮಗಳ ಗೌರವಕ್ಕೆ ಹಣ ಬೇಕು. ಬದುಕಿರುವ ಮಗಳ ದೇಹಕ್ಕೂ ಹಣ ಬೇಕು. ಎರಡೂ ಕಡೆ ದೇವರ ಹೆಸರುಂಟು, ಎರಡೂ ಕಡೆ ಸುಳ್ಳಿಲ್ಲ. ಕಡೆಗೆ ಆ ತಾಯಿ ಮುಂದಿಡುವ ಉಪಾಯವಾದರೂ ಏನು? ಆಲಾ ತನ್ನ ಮಗಳನ್ನು ಮದುವೆಯಾಗುವುದಾದರೆ ಅಕ್ಬರನಿಗೆ ಕ್ಷಮೆ ದೊರೆಯುತ್ತದೆ. ಆ ವೇಳೆಗಾಗಲೆ ಆಲಾನ ಮನಸ್ಸು ಫಿರೂಜೆಯಲ್ಲಿ ನೆಟ್ಟಿದೆ. ಒಂದು ಪ್ರಾಣವನ್ನುಳಿಸಲು ಮೂರು ಬಾಳುಗಳನ್ನು ಒತ್ತೆಯಿಡಬೇಕಾದ ಈ ಸ್ಥಿತಿಯಲ್ಲಿ ದುಷ್ಟರೆಂದು ಬೆರಳು ತೋರಿಸಬಹುದಾದವರು ಒಬ್ಬರೂ ಇಲ್ಲ.

ಭಾಗವತದಲ್ಲಿ ದ್ರೌಪದಿಯ ಒಂದು ಪ್ರಸಂಗವುಂಟು. ನಿದ್ರಿಸುತ್ತಿದ್ದ ತನ್ನ ಐವರು ಮಕ್ಕಳನ್ನೂ ಕೊಂದ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ಎಳೆತಂದು ನಿಲ್ಲಿಸಿದಾಗ, ನನ್ನಂತೆ ಅವನ ತಾಯಿಯೂ ಅಳದಿರಲಿ, ಬಿಟ್ಟುಬಿಡಿರೆಂದು ಆಕೆ ಕೇಳುತ್ತಾಳೆ. ವನಪರ್ವದಲ್ಲಿಯಾದರೋ, ಸದಾ ಕ್ಷಮಿಸುತ್ತಿರುವುದು ಶ್ರೇಯಸ್ಕರವಲ್ಲವೆಂದು ಧರ್ಮರಾಯನೊಡನೆ ವಾದಿಸಿದವಳೂ ಇದೇ ದ್ರೌಪದಿ. ಈ ಎರಡರಲ್ಲಿ ವಿರೋಧವನ್ನು ಕಾಣುವವರುಂಟು, ನನಗೆ ಕಾಣುವುದಿಲ್ಲ. ಕಾಡಿನಲ್ಲಿ, ರಾಜ್ಯಭ್ರಷ್ಟಳಾಗಿ, ಅಪಮಾನದ ಪ್ರತೀಕಾರಕ್ಕೆ ಯಾವ ಸಾಧನವೂ ಇಲ್ಲದಾಗ ಕ್ಷಮಿಸೆಂದು ಹೇಳುವುದು ಆಕೆಯ ನಿಸ್ಸಹಾಯತೆಗೆ ಸದ್ಗುಣದ ಹೆಸರಿಟ್ಟಂತೆ. ಶತ್ರು ಕೈಸೆರೆಯಾಗಿ ಕಾಲಬಳಿ ಬಿದ್ದಾಗ, ಕೊಲ್ಲಿಸಲೂ ಉಳಿಸಲೂ ತನ್ನ ಒಂದು ಮಾತು ಸಾಕಾದಾಗ, ಆಕೆ ಬಿಟ್ಟುಕೊಟ್ಟದ್ದು ಕ್ಷಮೆ. ಕೊಡುವವರಿಗೆ ಕೊಡದಿರುವ ಶಕ್ತಿ ಇರಬೇಕು. ಅಬುಲ್ ಕಾಸಿಮನಿಗೆ ಕಾನೂನು ಆ ಶಕ್ತಿಯನ್ನು ಕೊಟ್ಟಿದೆ. ಬಡತನ ಅದನ್ನು ಕಸಿದುಕೊಂಡಿದೆ.

2011ರಲ್ಲಿ ಬರ್ಲಿನ್ನಿನ ಸ್ವರ್ಣಕರಡಿಯನ್ನೂ ಮರುವರ್ಷ ಆಸ್ಕರ್ ಪ್ರಶಸ್ತಿಯನ್ನೂ ಪಡೆದ ಫರ್ಹಾದಿಯವರ ‘ಎ ಸೆಪರೇಷನ್’ ಚಿತ್ರವನ್ನು ನಮ್ಮಲ್ಲಿ ಅನೇಕರು ದಾಂಪತ್ಯವಿಚ್ಛೇದದ ಕಥೆಯೆಂದು ತಿಳಿದಿದ್ದಾರೆ. ಅದರ ಹೃದಯವಿರುವುದು ಬೇರೆ ಕಡೆ, ಮನೆಗೆಲಸಕ್ಕೆ ಬರುವ ರಜಿಯೆ ಎಂಬ ಬಡ ಹೆಂಗಸಿನಲ್ಲಿ. ಮರೆವಿನ ರೋಗದಿಂದ ಬಟ್ಟೆಯಲ್ಲಿಯೇ ಮೂತ್ರ ಮಾಡಿಕೊಂಡ ಯಜಮಾನನ ವೃದ್ಧ ತಂದೆಯ ಉಡುಪನ್ನು ಬದಲಾಯಿಸುವುದು ಪರಪುರುಷಸ್ಪರ್ಶದ ಪಾಪವಾದೀತೆ ಎಂದು ದೂರವಾಣಿಯಲ್ಲಿ ಧರ್ಮೋಪದೇಶಕರನ್ನು ಕೇಳಿ ತಿಳಿದುಕೊಳ್ಳುವಷ್ಟು ಶ್ರದ್ಧಾವಂತೆ ಆಕೆ. ಯಜಮಾನ ನಾದೆರ್ ಸಿಟ್ಟಿನಿಂದ ಬಾಗಿಲಿನಾಚೆಗೆ ತಳ್ಳಿದ್ದರಿಂದ ಆಕೆಗೆ ಗರ್ಭಪಾತವಾಯಿತೆಂಬುದು ಮೊಕದ್ದಮೆ. ಸಾಲಗಾರರ ಕಾಟದಲ್ಲಿ ನಲುಗಿದ ಗಂಡ ಹೊಜ್ಜತನಿಗೆ ದಿಯೆಯ ಹಣ ಬಂದರೆ ಉಸಿರಾಡುವಂತಾದೀತು. ರಾಜಿಯ ದಿನ ಆ ಬಡವರ ಕೋಣೆಯಲ್ಲಿ ಸಾಲ ಕೊಟ್ಟವರೂ ಬಂದು ಕುಳಿತಿದ್ದಾರೆ. ನಾದೆರ್ ಚೆಕ್ಕುಗಳಿಗೆ ಸಹಿ ಹಾಕಿ, ಒಂದೇ ಒಂದನ್ನು ಕೇಳುತ್ತಾನೆ: ಗರ್ಭಪಾತಕ್ಕೆ ತಾನೇ ಕಾರಣನೆಂದು ರಜಿಯೆ ಕುರಾನನ್ನು ಮುಟ್ಟಿ ಪ್ರಮಾಣ ಮಾಡಲಿ. ಆಕೆ ಕುರಾನನ್ನು ತರಲು ಒಳಗೆ ಹೋದವಳು ಹೊರಗೆ ಬರುವುದಿಲ್ಲ. ನಾದೆರ್ ತಳ್ಳಿದ್ದರ ಹಿಂದಿನ ದಿನವೇ ಕಾರೊಂದು ತನಗೆ ತಗುಲಿತ್ತೆಂಬ ಸಂಶಯ ಆಕೆಯನ್ನು ಕೊರೆಯುತ್ತಿದೆ. ಸಂಶಯದ ಹಣವನ್ನು ಮುಟ್ಟಿದರೆ ತನ್ನ ಪುಟ್ಟ ಮಗಳಿಗೆ ಕೇಡಾದೀತೆಂದು ಆಕೆಯ ಭಯ. ಪಾಪವೆಲ್ಲ ತನ್ನ ತಲೆಗಿರಲಿ, ಪ್ರಮಾಣ ಮಾಡೆಂದು ಗಂಡ ಅಡುಗೆಕೋಣೆಯಲ್ಲಿ ಬೇಡುತ್ತಾನೆ. ಆಕೆ ಮಾಡಲಾರಳು. ಹೊಜ್ಜತ್ ತನ್ನ ತಲೆಯನ್ನು ತಾನೇ ಚಚ್ಚಿಕೊಂಡು ಹೊರಗೆ ಓಡುತ್ತಾನೆ. ಬೀದಿಯಲ್ಲಿ ನಾದೆರನ ಕಾರಿನ ಗಾಜು ಒಡೆದಿರುತ್ತದೆ.

ಈ ದೃಶ್ಯವನ್ನು ಧರ್ಮದ ಮೌಢ್ಯಕ್ಕೆ ನಿದರ್ಶನವೆಂದು ಓದುವವರೊಡನೆ ನನಗೆ ಸರ್ವಥಾ ಸಮ್ಮತಿಯಿಲ್ಲ. ನಾದೆರ್ ವಿದ್ಯಾವಂತ, ನ್ಯಾಯಪರನೆಂದು ತನ್ನನ್ನು ತಾನು ನಂಬಿದವನು; ಆಕೆ ಗರ್ಭಿಣಿಯೆಂದು ತನಗೆ ಗೊತ್ತಿರಲಿಲ್ಲವೆಂದು ನ್ಯಾಯಾಧೀಶನ ಮುಂದೆ ಸುಳ್ಳು ಹೇಳಿದ್ದಾನೆ, ತನ್ನನ್ನು ಉಳಿಸಲು ಮಗಳು ತೆರ್ಮೆ ಕೂಡ ಸುಳ್ಳು ಹೇಳುವ ಸ್ಥಿತಿಗೆ ತಂದಿದ್ದಾನೆ. ಕಡೆಯಲ್ಲಿ ಲಾಭವನ್ನು ಒದ್ದು ಸತ್ಯದ ಕಡೆಗೆ ನಿಂತವಳು ಓದುಬರಹವನ್ನು ಹೆಚ್ಚಾಗಿ ಕಾಣದ, ಶಾಸ್ತ್ರಕ್ಕೆ ಅಂಜುವ, ನಾಳೆಯ ಊಟಕ್ಕೆ ದಾರಿಯಿಲ್ಲದ ಹೆಂಗಸು. ದಿಯೆಯೆಂಬ ಧರ್ಮವ್ಯವಸ್ಥೆ ವ್ಯಾಪಾರವಾಗಿ ಇಳಿದುಹೋದಾಗ ಅದನ್ನು ತಡೆದದ್ದೂ ಅದೇ ಧರ್ಮ ಆಕೆಯ ಅಂತಃಕರಣದಲ್ಲಿ ಹುಟ್ಟಿಸಿದ ಭಯ. ಫರ್ಹಾದಿ ಧರ್ಮದ ವಿರೋಧಿಯೆಂದೋ ಸಮರ್ಥಕರೆಂದೋ ತೀರ್ಪುಕೊಡಲು ಆತುರಪಡುವವರು ಈ ಒಂದು ದೃಶ್ಯವನ್ನು ತಾಳ್ಮೆಯಿಂದ ನೋಡಿದರೆ ಸಾಕು.

ನೂರ್ ಪಟ್ಟಣದ ತಾಯಿಯ ಪೆಟ್ಟನ್ನು ನೆನೆದಾಗಲೆಲ್ಲ ಫರ್ಹಾದಿಯವರೇ 2016ರಲ್ಲಿ ತೆಗೆದ ‘ದಿ ಸೇಲ್ಸ್‌ಮನ್’ ಚಿತ್ರದ ಮತ್ತೊಂದು ಪೆಟ್ಟು ನನ್ನ ಮನಸ್ಸಿಗೆ ಬರುತ್ತದೆ. ರಾನಾ ಎಂಬ ನಟಿ ತನ್ನ ಮನೆಯಲ್ಲಿಯೇ ಅಪರಿಚಿತನೊಬ್ಬನ ಆಕ್ರಮಣಕ್ಕೆ ತುತ್ತಾಗುತ್ತಾಳೆ. ಆಕೆಯ ಪತಿ, ಅಧ್ಯಾಪಕನೂ ನಟನೂ ಆದ ಎಮಾದ್, ಹುಡುಕಿ ಹುಡುಕಿ ಅಪರಾಧಿಯನ್ನು ಪತ್ತೆ ಮಾಡಿದಾಗ ಸಿಕ್ಕುವವನು ಹೃದ್ರೋಗಿಯಾದ ಮುದುಕ. ಅವನ ಹೆಂಡತಿ ಮಕ್ಕಳನ್ನು ಕರೆಸಿ ಅವರೆದುರು ಮಾನ ಕಳೆಯಬೇಕೆಂದು ಎಮಾದನ ಹಠ. ಹಾಗೆ ಮಾಡಿದರೆ ನಮ್ಮಿಬ್ಬರ ನಡುವೆ ಏನೂ ಉಳಿಯದೆಂದು ರಾನಾ ಹೇಳುತ್ತಾಳೆ. ಎಮಾದ್ ಮನೆಯವರೆದುರು ಹೇಳುವುದಿಲ್ಲ. ಮುದುಕನನ್ನು ಒಳಕೋಣೆಗೆ ಕರೆದು ಬಾಗಿಲು ಮುಚ್ಚಿ ಕೆನ್ನೆಗೆ ಹೊಡೆಯುತ್ತಾನೆ, ಮುದುಕ ಮೆಟ್ಟಿಲಲ್ಲಿ ಕುಸಿಯುತ್ತಾನೆ. ನೂರಿನಲ್ಲಿ ಹೊಡೆದ ಕೈ ನೊಂದ ತಾಯಿಯ ಕೈ. ಆಕೆಗೆ ಆ ಪೆಟ್ಟಿನ ಹಕ್ಕಿತ್ತು, ಅದಾದಮೇಲೆ ಬಿಡುವ ಹಕ್ಕೂ ಇತ್ತು. ಎಮಾದನದು ಎರವಲು ನೋವು. ಹೆಂಡತಿಯ ಗಾಯವನ್ನು ತನ್ನ ಪೌರುಷದ ಗಾಯವನ್ನಾಗಿ ಮಾಡಿಕೊಂಡು, ಕ್ಷಮಿಸುವ ಅಧಿಕಾರವನ್ನು ಆಕೆಯ ಕೈಯಿಂದ ಕಿತ್ತುಕೊಳ್ಳುವ ಗಂಡಸರನ್ನು ಕಾಣಲು ತೆಹರಾನಿಗೆ ಹೋಗಬೇಕಾಗಿಲ್ಲ.

ಕ್ಷಮೆಯನ್ನು ಕಿತ್ತುಕೊಳ್ಳುವವರಂತೆ ಅದನ್ನು ಪ್ರದರ್ಶಿಸುವವರೂ ಉಂಟು. ಮಸೂದ್ ಬಕ್ಷಿಯವರ ‘ಯಲ್ದಾ’ ಚಿತ್ರದಲ್ಲಿ, ಪತಿಯ ಸಾವಿಗೆ ಕಾರಣಳಾಗಿ ಮರಣದಂಡನೆಗೆ ಗುರಿಯಾದ ಮರಿಯಂ ಎಂಬ ತರುಣಿಯನ್ನು ದೂರದರ್ಶನದ ನೇರಪ್ರಸಾರಕ್ಕೆ ತಂದು ಕೂರಿಸುತ್ತಾರೆ. ಸತ್ತವನ ಮಗಳು ಮೊನಾ ಅಲ್ಲಿಯೇ, ದೀಪಗಳ ಬೆಳಕಿನಲ್ಲಿ, ಬದುಕಿಸುವೆನೋ ಇಲ್ಲವೋ ಎಂದು ಹೇಳಬೇಕು. ಪ್ರೇಕ್ಷಕರು ಮೊಬೈಲಿನಿಂದ ಮತ ಹಾಕುತ್ತಾರೆ, ಜಾಹೀರಾತುದಾರರ ಹಣ ದಿಯೆಯಾಗುತ್ತದೆ. ಇದು ಕಥೆಗಾರನ ಅತಿಶಯೋಕ್ತಿಯಲ್ಲ. ರಂಜಾನಿನ ದಿನಗಳಲ್ಲಿ ಪ್ರಸಾರವಾಗುತ್ತಿದ್ದ ನಿಜವಾದ ಕಾರ್ಯಕ್ರಮವೊಂದು ಇದಕ್ಕೆ ಪ್ರೇರಣೆ. ಫರ್ಹಾದಿಯವರ 2021ರ ‘ಎ ಹೀರೋ’ದಲ್ಲಿ ಶಿರಾಜಿನ ಸಾಲಗಾರ ಕೈದಿ ರಹೀಮನ ಸಚ್ಚಾರಿತ್ರ್ಯವೂ ಹೀಗೆಯೇ ಪ್ರಚಾರಕ್ಕೆ ಬಿದ್ದು ಮಲಿನವಾಗುತ್ತದೆ, ತೊದಲುವ ಮಗನನ್ನು ಅನುಕಂಪಕ್ಕಾಗಿ ಕ್ಯಾಮರಾದ ಮುಂದೆ ನಿಲ್ಲಿಸಲು ಕಡೆಗೆ ಅವನು ನಿರಾಕರಿಸುವ ಗಳಿಗೆಯಲ್ಲಿ ಮಾತ್ರ ಅವನ ನಿಜವಾದ ಗುಣ ಹೊಳೆಯುತ್ತದೆ.

ಇನ್ನು ರಾಜ್ಯವೇ ಕೊಂದದ್ದಾದರೆ? ಬೆಹ್ತಾಶ್ ಸನೈಹಾ ಮತ್ತು ಮರಿಯಂ ಮೊಘದ್ದಮ್ ಸೇರಿ ನಿರ್ದೇಶಿಸಿ, ಮೊಘದ್ದಮ್ ತಾವೇ ಮುಖ್ಯಪಾತ್ರವನ್ನು ವಹಿಸಿದ ‘ಬ್ಯಾಲಡ್ ಆಫ್ ಎ ವೈಟ್ ಕೌ’ ಚಿತ್ರ, ಕಿಸಾಸಿನ ವಿಧಿಯನ್ನೊಳಗೊಂಡ ಅಲ್-ಬಕರ, ಅಂದರೆ ‘ಹಸು’, ಎಂಬ ಅಧ್ಯಾಯವನ್ನೇ ನೆನೆಯುತ್ತ, ಸೆರೆಮನೆಯ ಅಂಗಳದಲ್ಲಿ ನಿಂತ ಒಂದು ಬಿಳಿಯ ಹಸುವಿನ ಚಿತ್ರದೊಡನೆ ಆರಂಭವಾಗುತ್ತದೆ. ಕೊಲೆಯ ಆರೋಪದ ಮೇಲೆ ಗಲ್ಲಿಗೇರಿದ ಮೀನಾಳ ಗಂಡ ನಿರಪರಾಧಿಯಾಗಿದ್ದನೆಂದು ಒಂದು ವರ್ಷದ ಮೇಲೆ ತಿಳಿಯುತ್ತದೆ. ಅಧಿಕಾರಿಗಳು ವಿಷಾದವನ್ನು ಸೂಚಿಸಿ, ದೇವರ ಇಚ್ಛೆಯೆಂದು ಸಮಾಧಾನ ಹೇಳಿ, ಪೂರ್ಣ ದಿಯೆಯನ್ನು ಕೊಡಲು ಸಿದ್ಧರಾಗುತ್ತಾರೆ. ಮೀನಾ ಕೇಳುವುದು ಹಣವನ್ನಲ್ಲ. ತೀರ್ಪುಕೊಟ್ಟ ನ್ಯಾಯಾಧೀಶರು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿ ಎಂಬುದಷ್ಟೇ ಆಕೆಯ ಪಟ್ಟು. ಅದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ರಾಜ್ಯ ಕೊಡಬಲ್ಲದು. ಅಷ್ಟರಲ್ಲಿ ಗಂಡನಿಂದ ಸಾಲ ಪಡೆದಿದ್ದೆನೆಂದು ಹೇಳಿಕೊಂಡು ರೇಜಾ ಎಂಬವನು ಬಂದು ಆಕೆಗೂ ಕಿವುಡಿಯಾದ ಆಕೆಯ ಮಗಳಿಗೂ ನೆರವಾಗುತ್ತಾನೆ. ಅವನೇ ಆ ನ್ಯಾಯಾಧೀಶರಲ್ಲೊಬ್ಬನೆಂಬುದು ಆಕೆಗೆ ತಿಳಿಯದು. ಪಶ್ಚಾತ್ತಾಪದಲ್ಲಿ ಬೆಂದ ಈ ಮನುಷ್ಯನ ಮೇಲೆ ನನಗೆ ಮರುಕವಿದೆ. ಆದರೂ ಹೇಳಬೇಕು: ತಾನು ಯಾರೆಂಬುದನ್ನು ಮುಚ್ಚಿಟ್ಟು ಮಾಡಿದ ಉಪಕಾರ, ಆಕೆಗೆ ಕ್ಷಮಿಸುವ ಅವಕಾಶವನ್ನೂ ಕ್ಷಮಿಸದಿರುವ ಅವಕಾಶವನ್ನೂ ಒಟ್ಟಿಗೆ ಇಲ್ಲವಾಗಿಸಿತು. ಮೊದಲು ಗಂಡನನ್ನು ಕಳೆದುಕೊಂಡವಳು ಎರಡನೆಯ ಸಲ ಕಳೆದುಕೊಂಡದ್ದು ಸತ್ಯವನ್ನು.

ಗಲ್ಲಿನ ಗುಂಡಿಯನ್ನು ಒತ್ತುವ ಕೈಯನ್ನು ಕುರಿತು ಮೊಹಮ್ಮದ್ ರಸೂಲೋಫ್ ‘ದೇರ್ ಈಸ್ ನೋ ಈವಿಲ್’ ಚಿತ್ರವನ್ನು ತೆಗೆದರು. 2020ರಲ್ಲಿ ಅದಕ್ಕೆ ಬರ್ಲಿನ್ನಿನ ಸ್ವರ್ಣಕರಡಿ ದೊರೆತಾಗ ಸ್ವೀಕರಿಸಲು ಹೋಗುವ ಅನುಮತಿ ಅವರಿಗಿರಲಿಲ್ಲ.

ಇಷ್ಟು ಕಹಿಯ ನಡುವೆ ನಿಷ್ಕಲ್ಮಷವಾದ ಕ್ಷಮೆಯ ಚಿತ್ರವೇ ಇಲ್ಲವೆ ಎಂದು ಕೇಳುವವರಿಗೆ ಅಬ್ಬಾಸ್ ಕಿಯಾರೊಸ್ತಮಿಯವರ 1990ರ ‘ಕ್ಲೋಸ್-ಅಪ್’ ಚಿತ್ರವನ್ನು ತೋರಿಸುತ್ತೇನೆ. ಹುಸೇನ್ ಸಬ್ಜಿಯಾನ್ ಎಂಬ ಬಡವ ತಾನೇ ಪ್ರಸಿದ್ಧ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್ ಎಂದು ಹೇಳಿಕೊಂಡು ತೆಹರಾನಿನ ಗೃಹಸ್ಥ ಕುಟುಂಬವೊಂದನ್ನು ನಂಬಿಸಿ ಸಿಕ್ಕಿಬಿದ್ದ; ಇದು ನಡೆದ ಸಂಗತಿ. ಕಿಯಾರೊಸ್ತಮಿ ವಿಚಾರಣೆಯನ್ನು ಚಿತ್ರೀಕರಿಸಿದರು, ವಂಚಿಸಿದವನನ್ನೂ ವಂಚಿತರನ್ನೂ ಅವರವರ ಪಾತ್ರದಲ್ಲಿಯೇ ಅಭಿನಯಿಸುವಂತೆ ಒಪ್ಪಿಸಿದರು. ನ್ಯಾಯಾಲಯದಲ್ಲಿ ಒಂದು ಕ್ಯಾಮರಾವನ್ನು ಸಬ್ಜಿಯಾನನ ಮುಖದ ಮೇಲೆ ನಿಲ್ಲಿಸಿ, ಜನರಿಗೆ ಅರ್ಥವಾಗದ್ದನ್ನು ಹೇಳಬೇಕೆನಿಸಿದರೆ ಈ ಮಸೂರದ ಕಡೆ ತಿರುಗಿ ಹೇಳೆಂದು ತಿಳಿಸುತ್ತಾರೆ. ಅವನು ಹೇಳುತ್ತಾನೆ: ಕಲೆಯ ಮೇಲಿನ ಆಸೆಯನ್ನು, ಯಾರೂ ಗೌರವಿಸದ ಬಾಳಿನ ಸಂಕಟವನ್ನು, ನಿರ್ದೇಶಕನೆನಿಸಿಕೊಂಡ ಕೆಲವು ದಿನ ತನ್ನ ಮಾತನ್ನು ಕೇಳುವವರಿದ್ದರೆಂಬುದನ್ನು. ಕುಟುಂಬ ದೂರನ್ನು ಹಿಂತೆಗೆದುಕೊಳ್ಳುತ್ತದೆ. ಬಿಡುಗಡೆಯ ದಿನ ನಿಜವಾದ ಮಖ್ಮಲ್‌ಬಾಫ್ ಬಂದು ಅವನನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ದಾರಿಯಲ್ಲಿ ಹೂವು ಕೊಂಡು, ಆ ಮನೆಯ ಬಾಗಿಲಿಗೆ ಕರೆದೊಯ್ಯುತ್ತಾರೆ, ಸಬ್ಜಿಯಾನ್ ಅಳುತ್ತಾನೆ. ಕ್ಯಾಮರಾ ಇಲ್ಲದಿದ್ದರೆ ಆ ಮನೆಯವರು ಕ್ಷಮಿಸುತ್ತಿದ್ದರೆ ಎಂಬ ಸಂದೇಹವನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಆದರೆ ಇಲ್ಲಿ ಪ್ರಾಣದ ಬೆಲೆಯಿಲ್ಲ, ಹಣದ ಮಾತಿಲ್ಲ. ತಪ್ಪು ಮಾಡಿದವನು ತಪ್ಪನ್ನು ಒಪ್ಪಿಕೊಂಡು ಅದರ ಹಿಂದಿನ ಮನಸ್ಸನ್ನು ಬಿಚ್ಚಿಟ್ಟಿದ್ದಾನೆ, ನೊಂದವರು ಅದನ್ನು ಕೂತು ಕೇಳಿದ್ದಾರೆ.

ಜಾಫರ್ ಪನಾಹಿಯವರಿಗೆ 2025ರಲ್ಲಿ ಕಾನ್ ಉತ್ಸವದ ಸ್ವರ್ಣತಾಳೆಯನ್ನು ತಂದುಕೊಟ್ಟ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ ಇದಕ್ಕೆ ನೇರ ವಿರುದ್ಧವಾದ ಸ್ಥಿತಿಯಿಂದ ಹೊರಡುತ್ತದೆ. ಸೆರೆಮನೆಯಲ್ಲಿ ಹಿಂಸೆಗೊಳಗಾದ ವಾಹಿದ್ ಎಂಬ ಮೆಕ್ಯಾನಿಕ್, ರಾತ್ರಿ ಕಾರು ಕೆಟ್ಟು ಬಂದ ಮನುಷ್ಯನೊಬ್ಬನ ಕೃತಕ ಕಾಲಿನ ಕಿರುಗುಟ್ಟುವಿಕೆಯನ್ನು ಕೇಳಿ, ಇವನೇ ತನ್ನನ್ನು ಹಿಂಸಿಸಿದವನೆಂದು ನಂಬಿ, ಮರುದಿನ ಹಿಡಿದೊಯ್ದು ಮರುಭೂಮಿಯಲ್ಲಿ ಹೂಳಲು ಹಳ್ಳ ತೋಡುತ್ತಾನೆ. ಆ ಮನುಷ್ಯ ನಾನವನಲ್ಲವೆನ್ನುತ್ತಾನೆ. ವಾಹಿದನಿಗೆ ಸಂಶಯ ಹುಟ್ಟುತ್ತದೆ; ಏಕೆಂದರೆ ಅಲ್ಲಿದ್ದಷ್ಟು ದಿನವೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಹಿಂಸಿಸಿದವನ ಮುಖವನ್ನು ಅವನು ನೋಡಿಯೇ ಇಲ್ಲ. ವ್ಯಾನಿನ ಪೆಟ್ಟಿಗೆಯಲ್ಲಿ ಆ ಮನುಷ್ಯನನ್ನಿಟ್ಟುಕೊಂಡು ಅದೇ ನರಕವನ್ನು ಕಂಡ ಇತರರ ಬಳಿಗೆ ಹೋಗುತ್ತಾನೆ. ಒಬ್ಬಳು ವಾಸನೆಯಿಂದ ಗುರುತಿಸುತ್ತಾಳೆ, ಒಬ್ಬ ಕಾಲಿನ ಗಾಯವನ್ನು ಮುಟ್ಟಿ ಗುರುತಿಸುತ್ತಾನೆ. ಆದರೂ ನಿಶ್ಚಯವೆಂದು ಹೇಳಬಲ್ಲವರಿಲ್ಲ. ಅಷ್ಟರಲ್ಲಿ ಬಂಧಿಯ ಪುಟ್ಟ ಮಗಳು ದೂರವಾಣಿಯಲ್ಲಿ ಅಳುತ್ತಾಳೆ, ತುಂಬುಗರ್ಭಿಣಿಯಾದ ತಾಯಿ ಎಚ್ಚರತಪ್ಪಿ ಬಿದ್ದಿದ್ದಾಳೆ. ಹಿಂಸೆಗೊಳಗಾದ ಈ ಜನರೇ ಆಕೆಯನ್ನು ಆಸ್ಪತ್ರೆಗೆ ಸೇರಿಸುತ್ತಾರೆ, ದಾದಿಯರಿಗೆ ಹಂಚಲು ವಾಹಿದ್ ಸಿಹಿ ತರುತ್ತಾನೆ.

ಪನಾಹಿ ಇದನ್ನು ಕಲ್ಪನೆಯಿಂದಷ್ಟೇ ಬರೆದವರಲ್ಲ. ಅವರೇ ಎವೀನ್ ಸೆರೆಮನೆಯಲ್ಲಿದ್ದು, ಉಪವಾಸ ಹೂಡಿ, 2023ರ ಫೆಬ್ರವರಿಯಲ್ಲಿ ಹೊರಬಂದವರು. ಕಣ್ಣಿಗೆ ಪಟ್ಟಿ ಕಟ್ಟುವುದು ಹಿಂಸಕನನ್ನು ಸೇಡಿನಿಂದ ರಕ್ಷಿಸುವ ಉಪಾಯವೆಂದು ನಾವು ತಿಳಿದಿರುತ್ತೇವೆ. ಈ ಚಿತ್ರವನ್ನು ನೋಡಿದ ಮೇಲೆ, ಅದು ನೊಂದವರನ್ನು ಕ್ಷಮೆಯಿಂದಲೂ ದೂರವಿಡುವ ಉಪಾಯವೆಂದು ನನಗೆ ಮನವರಿಕೆಯಾಯಿತು. ಮುಖವಿಲ್ಲದವನನ್ನು ಕ್ಷಮಿಸುವುದು ಹೇಗೆ? ಅವನು ಮೊದಲು ನಾನೇ ಎನ್ನಬೇಕು. ದಿಯೆ ಕೊಟ್ಟ ಅಧಿಕಾರಿಗಳು ಮೀನಾಳಿಗೆ ಕೊಡದೆಹೋದದ್ದು, ರೇಜಾ ಮುಚ್ಚಿಟ್ಟದ್ದು, ಸಬ್ಜಿಯಾನ್ ಕೊಟ್ಟದ್ದು ಇದೊಂದು ಮಾತನ್ನೇ. ನೊಂದವರ ಉದಾರಹೃದಯವನ್ನು ಹೊಗಳುವುದು ಸುಲಭ. ತಪ್ಪಿತಸ್ಥರ ಬಾಯಿಂದ ಈ ಮಾತನ್ನು ಹೊರಡಿಸುವ ಹೊಣೆಯನ್ನು ಸಮಾಜಗಳೂ ಸರ್ಕಾರಗಳೂ ಹೊರಲಾರದೆ, ನೊಂದವರಿಗೇ ಕ್ಷಮೆಯ ಉಪದೇಶವನ್ನು ಮಾಡುತ್ತ ಬಂದಿವೆ. ಈ ಉಪದೇಶವನ್ನು ಧರ್ಮದ ಹೆಸರಿನಲ್ಲಿ ಮಾಡುವುದು ಧರ್ಮಕ್ಕೆ ಮಾಡುವ ಅಪಚಾರ. ಕುರಾನು ಬಿಟ್ಟುಕೊಡುವುದನ್ನು ದಾನವೆಂದಿತು. ವಸೂಲಿ ಮಾಡಿದ್ದನ್ನು ಯಾವ ಶಾಸ್ತ್ರವೂ ದಾನವೆನ್ನುವುದಿಲ್ಲ.

ಪ್ರಶಸ್ತಿಗಳ ಕಾರಣದಿಂದ ನಮ್ಮವರು ಸಾಮಾನ್ಯವಾಗಿ ‘ಎ ಸೆಪರೇಷನ್’ ಚಿತ್ರದಿಂದ ಆರಂಭಿಸಿ ಅಲ್ಲಿಗೇ ನಿಲ್ಲುತ್ತಾರೆ. ಓದುಗರು ಅದಕ್ಕಿಂತ ಮೊದಲು, ಅಷ್ಟಾಗಿ ಹೆಸರು ಕೇಳಿಬರದ ‘ಶಹ್ರ್-ಎ ಜೀಬಾ’ವನ್ನು ನೋಡಬೇಕೆಂದು ನನ್ನ ವಿನಂತಿ. ನೋಡುವಾಗ, ತಪ್ಪು ಯಾರದೆಂದು ಕೂಡಲೇ ತೀರ್ಮಾನಿಸುವ ಅಭ್ಯಾಸವನ್ನು ಒಂದೆರಡು ಗಂಟೆ ಬದಿಗಿಟ್ಟು, ಕ್ಷಮೆಯನ್ನು ಕೇಳಲು ಬಾಗಿಲಿಗೆ ಬಂದವರಾರು, ಅದನ್ನು ಕೊಡಬೇಕಾದವರ ಮನೆಯಲ್ಲಿ ಆ ದಿನ ಏನೇನು ಇರಲಿಲ್ಲ ಎಂಬೆರಡನ್ನು ಗಮನಿಸಲಿ.